ಮನೆಗೆ ಬರುವ ಸಿಸ್ಟರ್ ಒಬ್ಬರೇ ತಂಡ ಅಲ್ಲ: ಪಾಲಿಯೇಟಿವ್ ಆರೈಕೆಯಲ್ಲಿ ನಮ್ಮ ಪಾಲಿನ ಕೆಲಸ

ನಾಲ್ಕು ವರ್ಷದ ಹಿಂದೆ ನನ್ನ ಉಮ್ಮನ ಉಮ್ಮ ಸೊಂಟದ ಮೂಳೆ ಮುರಿದು, ಮಂಗಳೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದರು. ಒಂದು ವಾರ ಕಳೆಯುವಾಗ ಎಬ್ಬಿಸಿ ಕೂರಿಸಿದರೆ ಸಾಕು, ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಿದ್ದರು. ಪ್ರಾಯ ಆಯ್ತಲ್ಲ, ಆಪರೇಷನ್ ಸುಸ್ತು ಅಂತ ನಾವೇ ತೀರ್ಮಾನ ಮಾಡಿದೆವು. ಒಂದು ದಿನ ಕುರ್ಚಿಯಿಂದ ಜಾರಿ ಬಿದ್ದರು. ಪುಣ್ಯಕ್ಕೆ ಆಪರೇಷನ್ ಆದ ಜಾಗಕ್ಕೆ ಏನೂ ಆಗಲಿಲ್ಲ.

ಮರುದಿನ ಪಂಚಾಯತ್‌ನ ಪಾಲಿಯೇಟಿವ್ ಸಿಸ್ಟರ್ ಬಂದರು. ಬಿ.ಪಿ. ನೋಡಿದರು, ತುಂಬ ಕೆಳಗಿತ್ತು. "ಮನೆಯಲ್ಲಿರುವ ಎಲ್ಲ ಮಾತ್ರೆ ತನ್ನಿ" ಅಂದರು. ಎರಡು ಕವರ್ ತಂದುಕೊಟ್ಟೆವು. ಒಂದು ಮಂಗಳೂರಿನ ಆಸ್ಪತ್ರೆಯದ್ದು, ಇನ್ನೊಂದು ಅಜ್ಜಿ ವರ್ಷಗಟ್ಟಲೆ ಹೋಗುತ್ತಿದ್ದ ಊರಿನ ಕ್ಲಿನಿಕ್‌ನದ್ದು. ಸಿಸ್ಟರ್ ಸ್ಟ್ರಿಪ್‌ಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿದರು. ಎರಡರಲ್ಲೂ ಬಿ.ಪಿ.ಯ ಒಂದೇ ಔಷಧಿ ಇತ್ತು. ಕಂಪೆನಿ ಬೇರೆ, ಹೆಸರು ಬೇರೆ ಅಷ್ಟೇ. ಎಂಟು ದಿನದಿಂದ ಅಜ್ಜಿಗೆ ಡಬಲ್ ಡೋಸ್ ಹೋಗುತ್ತಿತ್ತು. ಸಿಸ್ಟರ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು, ಅವರು ಒಂದನ್ನು ನಿಲ್ಲಿಸಲು ಹೇಳಿದರು. ಮೂರು ದಿನದಲ್ಲಿ ಅಜ್ಜಿ ಕೂತು ಗಂಜಿ ಕುಡಿದರು.

ಇದರಲ್ಲಿ ತಪ್ಪು ಯಾರದ್ದು? ಆಸ್ಪತ್ರೆಯ ಡಾಕ್ಟರ್ ಬರೆದದ್ದು ಸರಿ. ಕ್ಲಿನಿಕ್ ಡಾಕ್ಟರ್ ಮೊದಲೇ ಬರೆದದ್ದೂ ಸರಿ. ಮಾಮಿ ದಿನಾ ಗಂಟೆ ನೋಡಿ ಮಾತ್ರೆ ಕೊಟ್ಟಿದ್ದರು. ನಾನು ಓಡಾಡಿ ಔಷಧಿ ತಂದಿದ್ದೆ. ಎಲ್ಲರೂ ಅವರವರ ಕೆಲಸ ಮಾಡಿದ್ದೆವು, ಆದರೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ದಾಟಿರಲಿಲ್ಲ. ಅಂಗಡಿಯಲ್ಲಿ ಎರಡು ಪುಸ್ತಕದಲ್ಲಿ ಲೆಕ್ಕ ಬರೆದು ತಾಳೆ ನೋಡದೇ ಇದ್ದರೆ ಹೇಗೋ ಹಾಗೆ. ಅಂಗಡಿಯಲ್ಲಾದರೆ ಹೋಗುವುದು ದುಡ್ಡು, ಇಲ್ಲಿ ಹೋಗುವುದು ಜೀವ.

ಆ ಮೇಲೆ ರಜೆಯ ದಿನ ನಾನೂ ಹೋಮ್ ಕೇರ್ ತಂಡದ ಜೊತೆ ಹೋಗಲು ಶುರು ಮಾಡಿದೆ. ಸೇವೆಗೆ ಮನಸ್ಸಿರುವ ಯುವಕ ಯುವತಿಯರು ನಮ್ಮ ಜಮಾಅತ್‌ಗಳಲ್ಲಿ ಬೇಕಾದಷ್ಟು ಇದ್ದಾರೆ. ಒಳ್ಳೆ ಮನಸ್ಸಿನ ಜೊತೆಗೆ ಏನು ಗೊತ್ತಿರಬೇಕು ಅನ್ನುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪಾಲಿಯೇಟಿವ್ ಆರೈಕೆ ಎಂದರೆ ಏನು?

ಪೂರ್ತಿ ಗುಣವಾಗದ ಅಥವಾ ದೀರ್ಘಕಾಲದ ಕಾಯಿಲೆ ಇರುವವರ ನೋವು, ಉಬ್ಬಸ, ಹುಣ್ಣು, ನಿದ್ದೆಯಿಲ್ಲದಿರುವುದು, ಭಯ, ಮನೆಯ ಕಷ್ಟ ಇವುಗಳನ್ನು ಕಡಿಮೆ ಮಾಡುವ ಆರೈಕೆಯೇ ಪಾಲಿಯೇಟಿವ್ ಕೇರ್. ಇದು "ಇನ್ನೇನೂ ಮಾಡ್ಲಿಕ್ಕಿಲ್ಲ" ಅಂತ ಕೈಬಿಟ್ಟವರಿಗೆ ಮಾತ್ರ ಅಂತ ತಿಳಿಯಬಾರದು. ಚಿಕಿತ್ಸೆ ನಡೆಯುತ್ತಿರುವಾಗಲೂ ಇದು ಜೊತೆಗೆ ನಡೆಯುತ್ತದೆ.

ಕೇರಳದಲ್ಲಿ ಇದಕ್ಕೆ ಬುನಾದಿ ಬಿದ್ದದ್ದು 1993ರಲ್ಲಿ, ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಮುಂದೆ ಮಲಪ್ಪುರಂ ಭಾಗದಲ್ಲಿ ಊರಿನ ಜನರೇ ಸ್ವಯಂಸೇವಕರಾಗಿ ನೆರೆಹೊರೆಯ ರೋಗಿಗಳನ್ನು ನೋಡಿಕೊಳ್ಳುವ ಜಾಲ ಬೆಳೆಯಿತು. ವ್ಯಾಪಾರಿ, ಮೇಷ್ಟ್ರು, ಆಟೋ ಡ್ರೈವರ್, ವಿದ್ಯಾರ್ಥಿ ಎಲ್ಲರೂ ಅದರಲ್ಲಿ ಇದ್ದರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ ಪ್ರತ್ಯೇಕ ನೀತಿ ತಂದಿತು, ಮನೆ ಭೇಟಿಯ ಜವಾಬ್ದಾರಿ ಸ್ಥಳೀಯ ಪಂಚಾಯತ್‌ಗಳಿಗೆ ಬಂತು.

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಉಂಟು. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಜಾಗಗಳಲ್ಲಿ, ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ, ಹಾಸಿಗೆಯಲ್ಲೇ ಬೆಳೆದ ಮಕ್ಕಳಿದ್ದಾರೆ. ಪ್ರಾಯದ ತಾಯಂದಿರು ಮೂವತ್ತು ದಾಟಿದ ಮಗನನ್ನು ಎತ್ತಿ ಮಲಗಿಸುವ ಮನೆಗಳಿವೆ. ಹಾಗಾಗಿ ಪಾಲಿಯೇಟಿವ್ ಅಂದರೆ ಮುದುಕರಿಗೆ, ಕ್ಯಾನ್ಸರ್‌ನವರಿಗೆ ಮಾತ್ರ ಅಂತ ನಮ್ಮ ಜಿಲ್ಲೆಯವರು ಹೇಳಬಾರದು.

ತಂಡದಲ್ಲಿ ಯಾರ್ಯಾರು?

ಪಾಲಿಯೇಟಿವ್ ಸಿಸ್ಟರ್: ತರಬೇತಿ ಪಡೆದ ನರ್ಸ್. ಮೂತ್ರದ ಟ್ಯೂಬ್ ಬದಲಿಸುವುದು, ಮೂಗಿನ ಟ್ಯೂಬ್ ನೋಡುವುದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ಮನೆಯವರಿಗೆ ಕಲಿಸುವುದು ಇವರ ಕೆಲಸ. ಇಡೀ ತಂಡದ ಕೇಂದ್ರ ಇವರೇ.

ಡಾಕ್ಟರ್: ಕುಟುಂಬ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಔಷಧಿ, ಡೋಸ್ ಎಲ್ಲ ಇವರು ತೀರ್ಮಾನ ಮಾಡಬೇಕು.

ಆಶಾ ಕಾರ್ಯಕರ್ತೆ: ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಮೊದಲು ತಿಳಿಯುವವರು ಇವರು.

ಫಿಸಿಯೋಥೆರಪಿಸ್ಟ್: ಪಾರ್ಶ್ವವಾಯು ಆದವರಿಗೆ, ಮೂಳೆ ಮುರಿದವರಿಗೆ ಬೇಕು. ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಯ ಘಟಕದಿಂದ ಬರುತ್ತಾರೆ.

ಮನೆಯವರು: ಸಿಸ್ಟರ್ ತಿಂಗಳಿಗೆ ಒಂದೋ ಎರಡೋ ಸಲ ಬಂದು ಸ್ವಲ್ಪ ಹೊತ್ತು ಇರುತ್ತಾರೆ. ಉಳಿದ ಅಷ್ಟೂ ಹಗಲು ರಾತ್ರಿ ಮನೆಯವರದ್ದು. ಇವರನ್ನು ತಂಡದ ಹೊರಗೆ ಇಟ್ಟರೆ ಯಾವ ಕೆಲಸವೂ ಆಗುವುದಿಲ್ಲ.

ಸ್ವಯಂಸೇವಕರು, ಡ್ರೈವರ್, ವಾರ್ಡ್ ಸದಸ್ಯರು, ಮಸೀದಿಯ ಉಸ್ತಾದ್: ಇವರ ಕೆಲಸ ಮುಂದೆ ಬರುತ್ತದೆ.

ಆಪರೇಷನ್ ಥಿಯೇಟರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪಟ್ಟಿ ಹೊರಡಿಸಿತು. ಕೊಯ್ಯುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತ ಅದರಲ್ಲಿ ಉಂಟು. ಹೆಸರು ಹೇಳಿದ ಮೇಲೆ ಚಿಕ್ಕವನಿಗೂ "ಇದು ಸರಿ ಕಾಣ್ತಿಲ್ಲ" ಅಂತ ಬಾಯಿ ಬಿಡುವ ಧೈರ್ಯ ಬರುತ್ತದೆ. ಮನೆ ಭೇಟಿಯಲ್ಲೂ ಇದನ್ನೇ ಮಾಡಿ. ರೋಗಿಗೆ, ಮನೆಯವರಿಗೆ "ನಾನು ಇಂಥವ, ಇಂಥ ಕೆಲಸಕ್ಕೆ ಬಂದದ್ದು" ಅಂತ ಹೇಳಿ.

ಮೊದಲ ಕೆಲಸ ನೋಡುವುದು

ಸ್ವಯಂಸೇವಕ ಹೋದ ಕೂಡಲೇ ಏನಾದರೂ ಮಾಡಬೇಕು ಅಂತಿಲ್ಲ. ಮೊದಲು ಕೈ ಸೋಪು ಹಾಕಿ ತೊಳೆಯಬೇಕು, ಹೊರಡುವಾಗ ಇನ್ನೊಮ್ಮೆ. ಮತ್ತೆ ಕಣ್ಣು ಬಿಟ್ಟು ನೋಡಬೇಕು.

ಹಾಸಿಗೆ ಹುಣ್ಣು: ಬೆನ್ನಿನ ಕೆಳತುದಿ, ಸೊಂಟದ ಎರಡು ಬದಿ, ಹಿಮ್ಮಡಿ ಇವು ಮೊದಲು ಹಾಳಾಗುವ ಜಾಗಗಳು. ಕೆಂಪಾದ ಜಾಗವನ್ನು ಒತ್ತಿ ಬಿಟ್ಟರೂ ಕೆಂಪು ಹೋಗದಿದ್ದರೆ ಅದು ಹುಣ್ಣಿನ ಶುರು. ಕಪ್ಪು ಚರ್ಮದವರಲ್ಲಿ ಕೆಂಪು ಕಾಣುವುದಿಲ್ಲ, ಮುಟ್ಟಿದಾಗ ಬಿಸಿ ಅಥವಾ ಗಟ್ಟಿ ಅನಿಸುತ್ತದೆ. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕಬಾರದು.

ಮೂತ್ರದ ಟ್ಯೂಬ್: ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ನೇತಾಡಬೇಕು, ಆದರೆ ನೆಲಕ್ಕೆ ತಾಗಬಾರದು. ಟ್ಯೂಬ್ ಮಡಚಿದೆಯಾ, ಬಣ್ಣ ಬದಲಾಗಿದೆಯಾ ನೋಡಿ.

ಮೂಗಿನ ಟ್ಯೂಬ್: ಅದರಲ್ಲಿ ಆಹಾರ ಕೊಡುವಾಗ ತಲೆ, ಎದೆ ಭಾಗ ಎತ್ತರದಲ್ಲಿ ಇರಬೇಕು. ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು. ಕೊಡುವಾಗ ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಕೂಡಲೇ ನಿಲ್ಲಿಸಿ.

ಇದರ ಜೊತೆ, ನೋಡಿಕೊಳ್ಳುವವರ ಮುಖವನ್ನೂ ನೋಡಿ. ನಿದ್ದೆ ಆಗಿದೆಯಾ? ಅವರು ಊಟ ಮಾಡಿದ್ದಾರಾ? ಇದನ್ನು ಕೇಳುವವರು ಬಹಳ ಕಡಿಮೆ.

ಎರಡನೇ ಕೆಲಸ ಸರಿಯಾಗಿ ದಾಟಿಸುವುದು

ಕಂಡದ್ದನ್ನು ಸರಿಯಾದವರಿಗೆ, ಸರಿಯಾದ ಹೊತ್ತಿಗೆ ಹೇಳದಿದ್ದರೆ ನೋಡಿಯೂ ಪ್ರಯೋಜನ ಇಲ್ಲ. "ಸಿಸ್ಟರ್, ಸ್ವಲ್ಪ ಸೀರಿಯಸ್ ಉಂಟು, ಬೇಗ ಬನ್ನಿ" ಅಂತ ಫೋನ್ ಮಾಡಿದರೆ ಅವರಿಗೆ ಏನೂ ಅರ್ಥ ಆಗುವುದಿಲ್ಲ.

ಇದಕ್ಕೆ ಆಸ್ಪತ್ರೆಗಳಲ್ಲಿ ಎಸ್‌ಬಿಎಆರ್ ಎಂಬ ಕ್ರಮ ಉಂಟು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಹುಟ್ಟಿದ ಪದ್ಧತಿಯನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ಆಸ್ಪತ್ರೆಗೆ ತಂದಿತು. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಈಗ ಪಾಠದಲ್ಲೇ ಕಲಿಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಾಲ್ಕು ಪ್ರಶ್ನೆ:

1. ಈಗ ಏನಾಗಿದೆ?
2. ಮೊದಲು ಏನಿತ್ತು?
3. ನನ್ನ ಕಣ್ಣಿಗೆ ಏನು ಕಂಡಿತು?
4. ನಿಮ್ಮಿಂದ ಏನಾಗಬೇಕು?

ಉದಾಹರಣೆಗೆ ಹೀಗೆ: "ಸಿಸ್ಟರ್, ನಾನು ಸ್ವಯಂಸೇವಕ, ಶಾಲೆ ಹತ್ತಿರದ ಮನೆಯ ಇಚ್ಚನ ಬಗ್ಗೆ ಮಾತಾಡ್ತಿದ್ದೇನೆ. ಬೆಳಿಗ್ಗೆಯಿಂದ ಮೂತ್ರದ ಚೀಲಕ್ಕೆ ಏನೂ ಬಂದಿಲ್ಲ. ಟ್ಯೂಬ್ ಹಾಕಿ ಮೂರು ವಾರ ಆಯ್ತು, ನಿನ್ನೆ ರಾತ್ರಿ ತನಕ ಸರಿ ಇತ್ತು. ಹೊಟ್ಟೆಯ ಕೆಳಗೆ ಉಬ್ಬಿದೆ, ಮುಟ್ಟಿದ್ರೆ ನೋವು ಅಂತಾರೆ. ಟ್ಯೂಬ್ ಮಡಚಿಲ್ಲ, ನೋಡಿದೆ. ಜ್ವರ ಇಲ್ಲ. ನಿಮಗೆ ಈಗ ಬರ್ಲಿಕ್ಕೆ ಆಗ್ತದಾ, ಅಲ್ಲ ನಾವು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾ?"

ಅರ್ಧ ನಿಮಿಷದ ಮಾತು. ಆದರೆ ಸಿಸ್ಟರ್ ಕೂತಲ್ಲಿಂದಲೇ ತೀರ್ಮಾನಕ್ಕೆ ಬರಬಹುದು.

ಅವರು ಏನಾದರೂ ಹೇಳಿದರೆ ಅದನ್ನು ತಿರುಗಿ ಅವರಿಗೇ ಹೇಳಿ. ಇದು ನಮ್ಮ ಗಡಿಯಲ್ಲಿ ಇನ್ನೂ ಮುಖ್ಯ. ಮಲಯಾಳದಲ್ಲಿ "ಅರ" ಅಂದರೆ ಅರ್ಧ. ಫೋನ್ ಲೈನ್ ಸರಿಯಿಲ್ಲದಿದ್ದರೆ ಕನ್ನಡದ ಕಿವಿಗೆ ಅದು "ಆರು" ಅಂತ ಕೇಳಬಹುದು. "ರಾವಿಲೆ" ಅಂದರೆ ಬೆಳಿಗ್ಗೆ, ಅದನ್ನು ರಾತ್ರಿ ಅಂತ ತಿಳಿಯುವವರೂ ಇದ್ದಾರೆ. "ಅಂದ್ರೆ ಅರ್ಧ ಮಾತ್ರೆ, ಬೆಳಿಗ್ಗೆ ಮಾತ್ರ, ಅಲ್ವಾ ಸಿಸ್ಟರ್?" ಅಂತ ಕೇಳಲು ನಾಚಿಕೆ ಪಡಬೇಡಿ.

ಭಾಷೆ ದಾಟಿಸುವಾಗ

ಸಿಸ್ಟರ್ ಮಲಯಾಳದವರು, ರೋಗಿ ಬ್ಯಾರಿ ಅಥವಾ ತುಳು ಮಾತಾಡುವವರು, ಮಂಗಳೂರಿನ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಮನೆಯಲ್ಲಿ ಓದಲು ಬರುವುದು ಕನ್ನಡ ಮಾತ್ರ. ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮನೆಗಳ ಸ್ಥಿತಿ ಇದು. ಇಲ್ಲಿ ನಾಲ್ಕು ಭಾಷೆ ಬಲ್ಲ ನಮ್ಮ ಹುಡುಗರು ತಂಡಕ್ಕೆ ದೊಡ್ಡ ಆಸ್ತಿ. ಆದರೆ ಒಂದು ಎಚ್ಚರಿಕೆ ಬೇಕು. ರೋಗಿ ಹೇಳಿದ್ದನ್ನು ಹಾಗೆಯೇ ದಾಟಿಸಿ, ನಿಮ್ಮ ಸಾರಾಂಶ ಬೇಡ.

ರೋಗಿ "ಕಾಲಿಗೆ ಮೆಣಸು ಅರೆದು ಹಚ್ಚಿದ ಹಾಗೆ ಉರಿ, ಮಧ್ಯೆ ಕರೆಂಟ್ ಹೊಡೆದ ಹಾಗೆ" ಅಂದರೆ, ನೀವು "ಕಾಲು ನೋವಂತೆ" ಅಂತ ಹೇಳಿ ಮುಗಿಸಬೇಡಿ. ಉರಿ, ಕರೆಂಟ್ ಹೊಡೆದ ಹಾಗೆ ಅನ್ನುವುದು ನರದಿಂದ ಬರುವ ನೋವಿನ ಲಕ್ಷಣ ಆಗಿರಬಹುದು. ಅದಕ್ಕೆ ಕೊಡುವ ಔಷಧಿಯೇ ಬೇರೆ. ನಿಮ್ಮ ಒಂದು ಶಬ್ದದಿಂದ ಡಾಕ್ಟರ್ ತಪ್ಪು ದಾರಿಗೆ ಹೋಗಬಹುದು.

ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರ ಒಳಗೆ ಹೇಳಿಸುವುದು ಆಸ್ಪತ್ರೆಯ ಕ್ರಮ. ಕೆಲವು ಪ್ರಾಯದವರಿಗೆ ಅದು ಹಿಡಿಸುವುದಿಲ್ಲ. "ರೂಪಾಯಿಯಲ್ಲಿ ಎಷ್ಟಾಣೆ ನೋವು?" ಅಂತ ಕೇಳಿ ನೋಡಿ. "ಹನ್ನೆರಡಾಣೆ" ಅಂತ ಕೂಡಲೇ ಉತ್ತರ ಬರಬಹುದು. ಮುಂದಿನ ವಾರ ಅದು ನಾಲ್ಕಾಣೆಗೆ ಇಳಿದರೆ ಔಷಧಿ ಕೆಲಸ ಮಾಡಿದೆ ಅಂತ ಗೊತ್ತಾಗುತ್ತದೆ.

ಒಂದು ನೋಟ್‌ಬುಕ್, ಒಂದು ಚೀಲ

ಪ್ರತಿ ಮನೆಯಲ್ಲಿ ಒಂದು ಚೀಲ ಇರಲಿ. ಡಿಸ್ಚಾರ್ಜ್ ಚೀಟಿ, ಲ್ಯಾಬ್ ರಿಪೋರ್ಟ್, ಎಲ್ಲ ಮಾತ್ರೆಗಳು ಅದರೊಳಗೆ. ಜೊತೆಗೆ ಒಂದು ನೋಟ್‌ಬುಕ್. ದಿನಾಂಕ, ಏನು ಕಂಡಿತು, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟದ್ದು, ಯಾರು ಬಂದಿದ್ದರು, ಏನು ಹೇಳಿದರು ಅಂತ ಬರೆಯಲಿ. ಕನ್ನಡದಲ್ಲೇ ಬರೆದರೂ ಸಾಕು, ಓದಿ ಹೇಳಲು ನೀವಿದ್ದೀರಲ್ಲ. ಮಾತ್ರೆ ಬದಲಾದರೆ ಹಳೆಯದನ್ನು ಸಿಸ್ಟರ್‌ಗೆ ತೋರಿಸಿ, ಅವರು ಹೇಳಿದ ಮೇಲೆ ಚೀಲದಿಂದ ತೆಗೆಯಿರಿ. ನಮ್ಮ ಮನೆಯಲ್ಲಿ ಈ ಒಂದು ಚೀಲ ಇದ್ದಿದ್ದರೆ ಅಜ್ಜಿ ಬೀಳುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ ದಿನಗಳನ್ನು ನಾವು ಮರೆತಿಲ್ಲ. ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರ ಪ್ರಾಣವೂ ಹೋಯಿತು. ಅಂಥ ಹೊತ್ತಿನಲ್ಲಿ ಬೇರೆ ಡಾಕ್ಟರ್ ಬಳಿ ಹೋದಾಗ ಕೈಯಲ್ಲಿ ಕಾಗದ ಇದ್ದರೆ ಚಿಕಿತ್ಸೆ ಮುಂದುವರಿಸಲು ದಾರಿ ಇರುತ್ತದೆ. ಮುಖ್ಯ ಕಾಗದಗಳ ಜೆರಾಕ್ಸ್ ಪಂಚಾಯತ್ ಸಿಸ್ಟರ್ ಹತ್ತಿರವೂ ಇರಲಿ.

ದಾಟಬಾರದ ಗೆರೆಗಳು

ಡೋಸ್ ಹೆಚ್ಚು ಕಡಿಮೆ ಮಾಡಬೇಡಿ. "ನನ್ನ ಮಾವನಿಗೆ ಇದರಲ್ಲಿ ಗುಣ ಆಗಿದೆ" ಅಂತ ಮಾತ್ರೆ, ಕಷಾಯ ಹೇಳಬೇಡಿ. ಎಚ್ಚರ ಸರಿಯಾಗಿ ಇಲ್ಲದವರ ಬಾಯಿಗೆ ನೀರು, ಝಂಝಂ ನೀರಾದರೂ ಸರಿ, ಹಾಕಬೇಡಿ. ಶ್ವಾಸಕೋಶಕ್ಕೆ ಹೋಗಬಹುದು. ತುಟಿ ಒದ್ದೆ ಮಾಡಿದರೆ ಸಾಕು.

ಉಸಿರಾಟದ ತೊಂದರೆ, ನಿಲ್ಲದ ರಕ್ತ, ಅಪಸ್ಮಾರ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಬೀಳುವುದು, ಕರೆದರೆ ಎಚ್ಚರ ಆಗದಿರುವುದು, ಸಕ್ಕರೆ ಕಾಯಿಲೆಯವರು ಬೆವರಿ ಗೊಂದಲದ ಮಾತಾಡುವುದು ಇವು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮನೆಯವರು "ಉಮ್ಮನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ" ಅಂದಿರಬಹುದು. ಅದೇ ಉಮ್ಮ ನಿಮ್ಮ ಕೈ ಹಿಡಿದು "ನನಗೆ ಏನಾಗಿದೆ ಮಗಾ?" ಅಂತ ಕೇಳಬಹುದು. ನೀವಾಗಿ ಹೇಳಬೇಡಿ, ಸುಳ್ಳೂ ಹೇಳಬೇಡಿ. "ನಿಮಗೆ ಏನನಿಸ್ತದೆ?" ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಮತ್ತೆ ಅವರು ಕೇಳಿದ ವಿಷಯವನ್ನು ಸಿಸ್ಟರ್‌ಗೆ ತಿಳಿಸಿ. ಆ ಮಾತು ಹೇಗೆ ಆಡಬೇಕು ಅಂತ ಅವರಿಗೆ ಗೊತ್ತು.

ಇನ್ನು ಫೋಟೋ. ಹಾಸಿಗೆಯಲ್ಲಿರುವವರ ಕೈಗೆ ಕಿಟ್ ಕೊಟ್ಟು ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು ನಮ್ಮಲ್ಲಿ ಅಭ್ಯಾಸ ಆಗಿಬಿಟ್ಟಿದೆ. ಹುಣ್ಣಿನ ಫೋಟೋ ಹಾಕಿ ಹಣ ಕೇಳುವವರೂ ಇದ್ದಾರೆ. ಆ ಹುಡುಗಿಗೆ ನಾಳೆ ಮದುವೆ ಮಾತು ಬರಬಹುದು, ಆ ಮಗ ನಾಳೆ ಅದೇ ಶಾಲೆಗೆ ಹೋಗಬೇಕು. ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಬೇಕು ಅಂತ ಮದ್ರಸದಲ್ಲಿ ಕಲಿತವರು ನಾವು. ಸಿಸ್ಟರ್‌ಗೆ ತೋರಿಸಲು ಹುಣ್ಣಿನ ಫೋಟೋ ಬೇಕಾದರೆ ಅನುಮತಿ ಕೇಳಿ ತೆಗೆದು ಅವರಿಗೆ ಮಾತ್ರ ಕಳಿಸಿ, ಆಮೇಲೆ ಫೋನಿನಿಂದ ಅಳಿಸಿ.

ಮಾರ್ಫಿನ್, ಉಪವಾಸ ಮತ್ತು ಉಸ್ತಾದ್

"ಮಾರ್ಫಿನ್ ಶುರು ಮಾಡಿದ್ರೆ ಕಥೆ ಮುಗೀತು" ಅನ್ನುವ ಭಯ ತುಂಬ ಮನೆಗಳಲ್ಲಿ ಉಂಟು. ಕ್ಯಾನ್ಸರ್‌ನ ಜೋರು ನೋವಿಗೆ ಡಾಕ್ಟರ್ ಅಳತೆ ನೋಡಿ ಕೊಡುವ ಔಷಧಿ ಅದು. ನೋವು ಬಂದ ಮೇಲೆ ಅಲ್ಲ, ಹೇಳಿದ ಗಂಟೆಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗುವುದರಿಂದ ಅದಕ್ಕೂ ಔಷಧಿ ಜೊತೆಗೆ ಕೊಡುತ್ತಾರೆ, ಅದನ್ನು ಬಿಡಬಾರದು. ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಇದು ಕಾನೂನಿನ ಕಟ್ಟುಪಾಡಿನ ಔಷಧಿ. ಉಳಿದದ್ದನ್ನು ಬೇರೆಯವರಿಗೆ ಕೊಡದೆ ಕ್ಲಿನಿಕ್‌ಗೆ ಹಿಂತಿರುಗಿಸಬೇಕು.

ರಮಝಾನ್ ಬಂತೆಂದರೆ ಇನ್ನೊಂದು ಕಷ್ಟ. ಇನ್ಸುಲಿನ್ ತೆಗೆದುಕೊಳ್ಳುವವರು ಯಾರಿಗೂ ಹೇಳದೆ ಉಪವಾಸ ಹಿಡಿಯುತ್ತಾರೆ. ರೋಗಿಗೆ ರಿಯಾಯಿತಿ ಇರುವುದು ಕುರ್‌ಆನ್‌ನಲ್ಲೇ ಉಂಟು. ಆದರೂ ಸಿಸ್ಟರ್ ಹೇಳಿದರೆ ಕೇಳದ ಪ್ರಾಯದವರು ಉಸ್ತಾದ್ ಒಂದು ಮಾತು ಹೇಳಿದರೆ ಕೇಳುತ್ತಾರೆ. ಮೂತ್ರದ ಟ್ಯೂಬ್ ಇರುವಾಗ ನಮಾಝ್ ಹೇಗೆ, ವುಝೂ ಆಗದಿದ್ದರೆ ತಯಮ್ಮುಮ್ ಹೇಗೆ ಅನ್ನುವ ಚಿಂತೆ ಕೆಲವರಿಗೆ ನೋವಿಗಿಂತ ದೊಡ್ಡದು. ಅದನ್ನು ಪರಿಹರಿಸಲು ಸಿಸ್ಟರ್‌ಗೆ ಆಗುವುದಿಲ್ಲ, ಉಸ್ತಾದ್‌ಗೆ ಆಗುತ್ತದೆ. ಅವರೂ ತಂಡದವರೇ ಅಂತ ನಾನು ಹೇಳಿದ್ದು ಇದಕ್ಕೆ. ರಮಝಾನ್‌ಗೆ ತಿಂಗಳ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿಸುವುದು ಒಳ್ಳೆಯದು.

ಹೆಣ್ಣುಮಕ್ಕಳು ಮುಂದೆ ಬರಬೇಕು

ಹೆಂಗಸರನ್ನು ಮಗ್ಗುಲು ಬದಲಿಸಲು, ಸ್ನಾನ ಮಾಡಿಸಲು ಗಂಡು ಸ್ವಯಂಸೇವಕರಿಂದ ಆಗುವುದಿಲ್ಲ. ಕೆಲವು ಉಮ್ಮಂದಿರು ಹುಣ್ಣಾದರೂ ಹೇಳದೆ ಮುಚ್ಚಿಡುವುದು ಇದೇ ಕಾರಣಕ್ಕೆ. ಪ್ರವಾದಿ (ಸ)ರ ಕಾಲದಲ್ಲಿ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ)ರನ್ನು ಮದೀನದಲ್ಲಿ ಆರೈಕೆ ಮಾಡಿದ್ದು ರುಫೈದಾ (ರ) ಎಂಬ ಮಹಿಳೆ. ಗಾಯಾಳುಗಳಿಗಾಗಿ ಅವರದ್ದೇ ಡೇರೆ ಇತ್ತು. ಇದನ್ನು ಭಾಷಣದಲ್ಲಿ ಹೇಳುವ ನಾವು ನಮ್ಮ ಮನೆಯ ಹುಡುಗಿಯರನ್ನು ತರಬೇತಿಗೆ ಕಳಿಸಲು ಯಾಕೆ ಹಿಂದೆ ಮುಂದೆ ನೋಡುವುದು?

ಇದನ್ನೇ ವೃತ್ತಿ ಮಾಡಲು ಬಯಸುವವರಿಗೆ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಕೋರ್ಸ್. ಸೇರುವ ಮೊದಲು ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಉಂಟಾ ಅಂತ ಖಂಡಿತ ನೋಡಿ. ಹುಡುಗರಿಗೂ ಇದರಲ್ಲಿ ಅವಕಾಶ ಇದೆ.

ಶುರು ಮಾಡುವುದು ಹೇಗೆ?

ನಿಮ್ಮ ಪಂಚಾಯತ್‌ನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಪಾಲಿಯೇಟಿವ್ ಸಿಸ್ಟರ್ ಯಾರು ಅಂತ ಕೇಳಿ, ಇಲ್ಲವೇ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತರಬೇತಿ ಯಾವಾಗ ಅಂತ ತಿಳಿದುಕೊಳ್ಳಿ. ಮೊದಲ ಕೆಲವು ಭೇಟಿಯಲ್ಲಿ ಸುಮ್ಮನೆ ಜೊತೆಗೆ ಹೋಗಿ ನೋಡಿ. ತಿಂಗಳಿಗೆ ಎರಡು ದಿನ ಕೊಡಲು ಆಗುವುದಾದರೆ ಎರಡೇ ದಿನ ಅಂತ ಹೇಳಿ, ಆದರೆ ಆ ಎರಡು ದಿನ ತಪ್ಪಿಸಬೇಡಿ. ಬರುತ್ತೇನೆ ಅಂದವನು ಬಾರದಿದ್ದರೆ ಒಬ್ಬರು ಕಿಟಕಿ ಕಡೆ ನೋಡುತ್ತಾ ಮಲಗಿರುತ್ತಾರೆ.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಪ್ರಾಯದವರ ಎಲ್ಲ ಮಾತ್ರೆ ಹೊರಗೆ ತೆಗೆದು ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ನೀವಾಗಿ ನಿಲ್ಲಿಸಬೇಡಿ, ಎರಡನ್ನೂ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ.